ಧ್ವನಿ: ಇಲ್ಲ

ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂಬುದು ಅಳಿಯನಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಬಾಯಿ ಎಂಥದ್ದು ಎಂಬುದು ಮದುವೆಯಾದ ಮೇಲೆ ಗೊತ್ತಾಯಿತು. ಮೂವತ್ತೊಂದು ವರ್ಷ ಬ್ರೈಲ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದ ಹೆಂಗಸು, ತಪ್ಪು ಸಿಕ್ಕರೆ ಸುಮ್ಮನೆ ಬಿಡುವ ಪೈಕಿಯಲ್ಲ. ಪುಸ್ತಕದಲ್ಲಿ ಸಿಕ್ಕರೂ ಅಷ್ಟೇ, ಮನೆಯಲ್ಲಿ ಸಿಕ್ಕರೂ ಅಷ್ಟೇ. ಅಳಿಯ ನಲ್ಲಿ ಸರಿಯಾಗಿ ಮುಚ್ಚದೆ ಬಂದರೆ ಮೂರನೇ ಹನಿ ಬೀಳುವಷ್ಟರಲ್ಲಿ ಒಳಗಿನ ಕೋಣೆಯಿಂದ "ಅಳಿಯಂದ್ರೇ" ಎಂಬ ಕೂಗು ಬಂದೇ ಬರುತ್ತಿತ್ತು. ಆ ಮರ್ಯಾದೆಯ ಮಾತಿನಲ್ಲಿ ಎಷ್ಟು ಖಾರವಿರಬಹುದು ಎಂಬುದು ಕೇಳಿದವರಿಗೇ ಗೊತ್ತು.

ಎರಡು ತಿಂಗಳ ಹಿಂದೆ ಪ್ರೆಸ್ಸಿನ ಮೆಟ್ಟಿಲ ಮೇಲೆ ಯಾವ ಪುಣ್ಯಾತ್ಮನೋ ಕಾಗದದ ಕಟ್ಟುಗಳನ್ನು ಪೇರಿಸಿಟ್ಟು ಟೀ ಕುಡಿಯಲು ಹೋಗಿದ್ದ. ಅತ್ತೆ ಎಡವಿ ಬಿದ್ದರು. ತೊಡೆಯ ಮೂಳೆ ಮುರಿಯಿತು, ಒಳಗೆ ಸರಳು ಹಾಕಿದರು, ಇನ್ನಾರು ತಿಂಗಳು ಮೆಟ್ಟಿಲು ಹತ್ತಕೂಡದು ಎಂದರು ಡಾಕ್ಟರು. ಪ್ರೆಸ್ಸು ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟು ಎಂಬುದು ಅಲ್ಲಿ ಇಲ್ಲ.

ಶನಿವಾರ ಮ್ಯಾನೇಜರ್ ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ಸಾವಿನ ಮನೆಗೆ ಬಂದವನ ಕಳೆ.

"ಅಯ್ಯೋ ಪಾಪ, ಇನ್ನು ಆರಾಮಾಗಿರಿ ಮೇಡಂ. ಎಷ್ಟು ವರ್ಷ ದುಡಿತೀರಿ? ಒಬ್ಬ ಹುಡುಗೀನ ತಗೊಂಡಿದೀವಿ. ಕಣ್ಣಿರೋಳು. ಚುಕ್ಕಿಗಳನ್ನ ನೋಡೇ ಹೇಳ್ಬಿಡ್ತಾಳೆ."

"ಮೆಟ್ಟಿಲ ಮೇಲೆ ಕಟ್ಟು ಇಟ್ಟೋರಿಗೂ ಕಣ್ಣಿತ್ತಲ್ಲ?" ಅಂದರು ಅತ್ತೆ.

ಮ್ಯಾನೇಜರ್ ಹಣ್ಣಿನ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಬಾಗಿಲ ಬಳಿ ನಿಂತಿದ್ದ ಅಳಿಯನಿಗೆ ಮೈಯೆಲ್ಲ ಉರಿಯಿತು. ಅವನು ನಾಲ್ಕಾರು ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವನು, ಆ ಪ್ರೆಸ್ಸೂ ಅವುಗಳಲ್ಲಿ ಒಂದು. ಹಾಗಾಗಿ ಮ್ಯಾನೇಜರನೆದುರು ಸದಾ ಹಲ್ಲು ಕಿಸಿದು ನಿಲ್ಲುವ ಅಭ್ಯಾಸ. ಅವತ್ತು ಯಾಕೋ ಹಲ್ಲು ಕಿಸಿಯಲಾಗಲಿಲ್ಲ. "ಮನೆಯಿಂದಾನೇ ಪ್ರೂಫ್ ನೋಡೋ ಹಾಗೆ ನಾನು ಮಾಡ್ಕೊಡ್ತೀನಿ ಸಾರ್" ಅಂದುಬಿಟ್ಟ.

ಮ್ಯಾನೇಜರ್ ನಕ್ಕ. ಮಕ್ಕಳು ಚಂದ್ರ ಬೇಕು ಅಂದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. "ಆಗ್ಲಿ. ಗುರುವಾರ ಸಂಜೆ ನಾಲ್ಕು ಗಂಟೆ. ಲೆಕ್ಕದ ಪುಸ್ತಕದ್ದು ನಲವತ್ತು ಪುಟ ಇದೆ, ಆ ಹುಡುಗೀನೂ ಅದನ್ನೇ ನೋಡ್ತಿದಾಳೆ. ಅಷ್ಟರೊಳಗೆ ಮೇಡಂ ಮನೆಯಿಂದ ನೋಡಿಕೊಟ್ರೆ ಅವರ ಜಾಗ ಅವರದ್ದೇ. ಇಲ್ಲಾಂದ್ರೆ ಆ ಹುಡುಗೀನೇ ಖಾಯಂ. ಆಮೇಲೆ ನನ್ನನ್ನ ಬೈಬಾರದು."

ಅವನು ಹೋದ ಮೇಲೆ ಅತ್ತೆ, "ಆ ಹಣ್ಣನ್ನ ಕಣ್ಣಿರೋರು ಯಾರಾದ್ರೂ ತಿನ್ನಿ" ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಕೆಲಸ ಹೇಳುವಷ್ಟು ಸಲೀಸಾಗಿರಲಿಲ್ಲ. ಅತ್ತೆ ಬಳಸುವ ಬ್ರೈಲ್ ಪ್ರೋಗ್ರಾಮು ಓಬೀರಾಯನ ಕಾಲದ್ದು. ಪ್ರೆಸ್ಸಿನ ಒಂದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು, ಆ ಕಂಪ್ಯೂಟರೋ ಇವತ್ತೋ ನಾಳೆಯೋ ಅನ್ನುವಂತಿತ್ತು. ಅದರ ಡಿಸ್ಕನ್ನು ಇಡಿಯಾಗಿ ಒಂದು ಫೈಲಿಗೆ ಇಳಿಸಿ, ಪ್ರೆಸ್ಸಿನ ಹೊಸ ವಿಂಡೋಸ್ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರಿನ ಹಾಗೆ ಓಡಿಸಬೇಕು. ಮನೆಯಲ್ಲಿ ಕೂತ ಅತ್ತೆ ಆ ಒಳಗಿನ ಕಂಪ್ಯೂಟರಿಗೆ ದೂರದಿಂದ ಸಂಪರ್ಕ ಹೊಂದಬೇಕು. ಮುಖ್ಯವಾಗಿ ಅದರ ಧ್ವನಿ ಅವರ ಕಿವಿಗೆ ಬರಬೇಕು, ಯಾಕೆಂದರೆ ಆ ಪ್ರೋಗ್ರಾಮು ಪ್ರತಿ ಅಕ್ಷರದ ಚುಕ್ಕಿಗಳನ್ನೂ ಬಾಯಿಬಿಟ್ಟು ಹೇಳುತ್ತದೆ. ಹೀಗೆ ಕಂಪ್ಯೂಟರಿನೊಳಗೆ ಕಂಪ್ಯೂಟರ್ ಓಡಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮುಕ್ತ ತಂತ್ರಾಂಶ, ಮೂಲ ಕೋಡು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಅಳಿಯನಿಗೆ ಸಿಕ್ಕ ಸಿದ್ಧ ಪ್ರತಿಯಲ್ಲಿ ಧ್ವನಿಯನ್ನು ದೂರಕ್ಕೆ ಹೊತ್ತೊಯ್ಯುವ ಭಾಗವೇ ಇರಲಿಲ್ಲ. ಅದು ಬೇಕೆಂದರೆ ಮೂಲ ಕೋಡು ತಂದು ತಾನೇ ಕಂಪೈಲ್ ಮಾಡಿ, ಅಂದರೆ ಓಡುವ ರೂಪಕ್ಕೆ ತಂದುಕೊಳ್ಳಬೇಕು. ಅಕ್ಕಿ ಸಿಗುತ್ತದೆ, ಬೇಯಿಸಿಕೊಳ್ಳುವುದು ನಮ್ಮ ಹಣೆಬರಹ.

ಅದೂ ವಿಂಡೋಸಿನಲ್ಲಿ! ಆ ತಂತ್ರಾಂಶ ಹುಟ್ಟಿ ಬೆಳೆದ ಮನೆ ಅದಲ್ಲ. ಹಾಗಾಗಿ ಅದಕ್ಕೆಂದೇ ಇನ್ನೊಂದು ಸಲಕರಣೆ ಹಾಕಿಕೊಳ್ಳಬೇಕು. ಅದು ಆದೇಶ ಟೈಪ್ ಮಾಡಲು ಮೂರು ಬಗೆಯ ಟರ್ಮಿನಲ್ ಕೊಡುತ್ತದೆ. ಮೂರೂ ಕಪ್ಪು ಪರದೆ, ಮೂರೂ ಅವಳಿ ಜವಳಿ. ಐಕಾನಿನ ಬಣ್ಣ ಮಾತ್ರ ಬೇರೆ: ಒಂದು ನೇರಳೆ, ಒಂದು ನೀಲಿ, ಒಂದು ಕಿತ್ತಳೆ. ಒಂದೊಂದಕ್ಕೂ ಅದರದ್ದೇ ಉಗ್ರಾಣ. ಒಂದರ ಉಗ್ರಾಣದಲ್ಲಿ ಸಾಮಾನು ತುಂಬಿಸಿ ಇನ್ನೊಂದರಲ್ಲಿ ಕೂತು ಕಂಪೈಲ್ ಮಾಡಿದರೆ ಸಿಗುವುದು ಬರೀ ಸೊನ್ನೆ.

ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹೊಸದೇನನ್ನೂ ಇನ್‌ಸ್ಟಾಲ್ ಮಾಡಕೂಡದು, ಬೇಕಾದರೆ ಒಂದು ಫೋಲ್ಡರ್ ತಂದಿಡಿ ಎಂದು ಮ್ಯಾನೇಜರನ ಅಪ್ಪಣೆಯಾಗಿತ್ತು. ಅಳಿಯ ಶನಿವಾರ ರಾತ್ರಿಯೇ ಹಳೆಯ ಡಿಸ್ಕನ್ನು ಫೈಲಿಗೆ ಇಳಿಸಿ ಅಲ್ಲಿಟ್ಟು ಬಂದು, ರಜೆ ಹಾಕಿ, ನಡುಮನೆಯಲ್ಲಿ ತನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾನುವಾರ ಬೆಳಗ್ಗೆ ಕೂತ.

ಭಾನುವಾರ ಲೈಬ್ರರಿಗಳನ್ನು, ಅಂದರೆ ಆ ಅಡುಗೆಗೆ ಬೇಕಾದ ಸಿದ್ಧ ಸಾಮಾನುಗಳನ್ನು, ಇಳಿಸಿಕೊಳ್ಳುವುದರಲ್ಲೇ ಹೋಯಿತು. ಸೋಮವಾರ ಮೊದಲ ಸಲ ಕಂಪೈಲ್ ಮುಗಿದು, ಅಳಿಯ ಕೈ ಉಜ್ಜಿಕೊಳ್ಳುವಷ್ಟರಲ್ಲಿ ಆಂಟಿವೈರಸ್ ಬಂದು, ಇದು ಯಾರೋ ಅಪರಿಚಿತ ಫೈಲು ಎಂದು ಅದನ್ನು ನುಂಗಿ ನೀರು ಕುಡಿಯಿತು. ಒಂದು ಗಂಟೆ ಬೆಂದದ್ದು ಒಂದು ಕ್ಷಣದಲ್ಲಿ ಹೋಯಿತು! ಅಳಿಯ ಮೇಜಿನ ಮೇಲೆ ಕುಟ್ಟಿದ ಏಟಿಗೆ ಲೋಟ ಉರುಳಿತು.

ಬಟ್ಟೆ ಕಂಪನಿಯಲ್ಲಿ ಕಟಿಂಗ್ ಮಾಡುವ ಹೆಂಡತಿ ಆಗತಾನೇ ಕೆಲಸದಿಂದ ಬಂದಿದ್ದಳು. "ರೀ, ಮೇಜು ಏನು ಮಾಡ್ತು? ಅದಕ್ಯಾಕೆ ಹೊಡಿತೀರಿ?"

"ಮತ್ತೆ ಯಾರಿಗೆ ಹೊಡೀಲಿ? ಮ್ಯಾನೇಜರ್ ಇಲ್ಲಿಲ್ವಲ್ಲ."

"ಅವನಿಗೆ ಹೊಡಿಯೋ ಧೈರ್ಯ ಇದ್ದಿದ್ರೆ ಮೇಜಿಗೆ ಏಟು ಬೀಳ್ತಿರ್ಲಿಲ್ಲ" ಅಂದಳು ಹೆಂಡತಿ. ಅಮ್ಮನ ಮಗಳಲ್ಲವೇ.

ಮಂಗಳವಾರ ಧ್ವನಿಯ ಭಾಗವನ್ನೂ ಸೇರಿಸಲು ಹೋದರೆ ಹೊಸ ಕಾಟ. ಧ್ವನಿ ಹೊರುವ ಲೈಬ್ರರಿ ಸಿಗುತ್ತಿಲ್ಲ ಎಂದಿತು ಪರದೆ. ಸಿಗದೆ ಏನು? ತನ್ನ ಕೈಯಾರೆ ಹಾಕಿದ್ದ. ಮತ್ತೆ ಹಾಕಿದ. ಮತ್ತೆ ಸಿಗುತ್ತಿಲ್ಲ. ಗೋಡೆಗೆ ಹೇಳಿದ ಹಾಗೆ. ಬುಧವಾರ ಬೆಳಗ್ಗೆಯೂ ಅದೇ ಸಾಲು ಬಂದಾಗ ಅಳಿಯನ ತಲೆ ಕೆಟ್ಟು ಕೆರ ಹಿಡಿಯಿತು. "ಹಾಳಾಗಿ ಹೋಗು" ಎಂದು ಹಲ್ಲು ಕಡಿದು, ಆ ಭಾಗವೇ ಬೇಡ ಎಂದು ಆದೇಶ ಕೊಟ್ಟ. ಸದ್ಯಕ್ಕೆ ಬೇಡ, ಮೊದಲು ಇದೊಂದು ಓಡಲಿ, ಧ್ವನಿ ಆಮೇಲೆ ನೋಡೋಣ ಅಂದುಕೊಂಡ. ಕಂಪೈಲ್ ಮುಗಿಯುವ ಮೊದಲು ಪರದೆ ಒಂದು ಉದ್ದ ಪಟ್ಟಿ ಬರೆಯುತ್ತದೆ, ಯಾವುದು ಇದೆ, ಯಾವುದು ಇಲ್ಲ ಅಂತ. ಅದನ್ನು ಅವನು ಓದಲಿಲ್ಲ. ಯಾರು ಓದುತ್ತಾರೆ ಹೇಳಿ!

ಮಧ್ಯಾಹ್ನ ಮೂರಕ್ಕೆ ಕಂಪೈಲ್ ಮುಗಿಯಿತು. ಫೋಲ್ಡರನ್ನು ಪ್ರೆಸ್ಸಿನ ಕಂಪ್ಯೂಟರಿಗೆ ಕಳಿಸಿ, ಅಲ್ಲಿ ಶುರು ಮಾಡಿ, ಅತ್ತೆಯ ಕೋಣೆಯ ಕಂಪ್ಯೂಟರಿನಿಂದ ಸಂಪರ್ಕ ಕೊಟ್ಟ. ಒಂದು ಕ್ಷಣ ಕಪ್ಪು. ಆಮೇಲೆ, ಅಬ್ಬಾ, ಆ ಹಳೆಯ ಕಂಪ್ಯೂಟರಿನ ಹಸಿರು ಪರದೆ ಕಣ್ಣೆದುರು ಬಂದು ನಿಂತಿತು! ಅಳಿಯ ಕೂತಲ್ಲಿಂದ ಹಾರಿದ. ನಾಲ್ಕು ದಿನದ ಕೋಪವೆಲ್ಲ ಇಳಿದು ಹೋಗಿ, ಮ್ಯಾನೇಜರನಿಗೆ "ರೆಡಿ ಸಾರ್, ಪೂರ್ತಿ ರೆಡಿ" ಎಂದು ಮೆಸೇಜು ಹಾಕಿದ. ಆಮೇಲೆ "ಬಂತು, ಬಂತು" ಎನ್ನುತ್ತ ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸಿ, ಕುರ್ಚಿಗೆ ದಿಂಬು ಕೊಟ್ಟು ಕೂರಿಸಿ, ಹೆಡ್‌ಫೋನ್ ಕೈಗಿತ್ತ.

ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡಿನ ಮೇಲೆ ಬೆರಳಿಟ್ಟರು. ಒಂದು ಕೀ ಒತ್ತಿದರು. ಇನ್ನೊಂದು ಒತ್ತಿದರು. ಕಾದರು.

"ಏನು ಬಂತು ಅಂದ್ರಿ?"

"ಚಿತ್ರ ಬಂತು ಅತ್ತೆ! ಪೂರ್ತಿ ಸ್ಕ್ರೀನು, ಒಂಚೂರೂ ತಡ ಇಲ್ಲ."

"ಯಾರಿಗೆ ಬಂತು?"

ಧ್ವನಿಯ ಭಾಗ ಸದ್ಯಕ್ಕೆ ಬೇಡ ಅಂದದ್ದು ಅಳಿಯನಿಗೆ ಈಗ ನೆನಪಾಯಿತು. ನೆನಪಾದದ್ದೇ ತಡ, ಕಿವಿಯವರೆಗೂ ಬಿಸಿಯೇರಿತು.

ಅತ್ತೆ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು. ಅವರು ಕೂಗಾಡಿದ್ದರೆ ಅಳಿಯ ತಡೆದುಕೊಳ್ಳುತ್ತಿದ್ದ. ಅವರು ಕೂಗಲಿಲ್ಲ. "ಮ್ಯಾನೇಜರಿಗೆ ಹೇಳಾಯ್ತಾ?"

"ಹೇಳಾಯ್ತು."

"ರೆಡಿ ಅಂತ?"

"ಪೂರ್ತಿ ರೆಡಿ ಅಂತ."

"ಚೆನ್ನಾಗಾಯ್ತು. ನಾಳೆ ನಾಲ್ಕು ಗಂಟೆಗೆ ಅವನು ಏನಂತಾನೆ ಗೊತ್ತಾ? ಎಲ್ಲಾ ರೆಡಿ ಇತ್ತು, ಪಾಪ, ಮೇಡಂ ಕೈಲೇ ಆಗ್ಲಿಲ್ಲ ಅಂತಾನೆ."

ಅಳಿಯನಿಗೆ ತಪ್ಪು ತನ್ನದೆಂದು ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ನಾಲ್ಕು ದಿನ ರಜೆ ಹಾಕಿ ಕೂತಿದೀನಿ ಅತ್ತೆ! ಊಟ ತಿಂಡಿ ನೆಟ್ಟಗಿಲ್ಲ. ಯಾರಿಗೋಸ್ಕರ ಇದೆಲ್ಲಾ? ನನಗೋಸ್ಕರಾನಾ?"

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ!" ಈಗ ಅತ್ತೆಯ ದನಿ ಏರಿತು. "ನನಗೋಸ್ಕರ ಆಗಿದ್ದಿದ್ರೆ ಮೊದ್ಲು ನೀವೇ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಿದ್ರಿ. ಒಂದೇ ಒಂದು ಸಲ! ಎಂಟು ವರ್ಷದಿಂದ ನನ್ನ ಜೊತೆ ಒಂದೇ ಮನೇಲಿದೀರಿ. ನಾನು ಯಾವುದರಲ್ಲಿ ಕೆಲಸ ಮಾಡ್ತೀನಿ ಅನ್ನೋದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ."

ಮ್ಯಾನೇಜರನ ಜೊತೆ ತನ್ನನ್ನು ಒಂದೇ ತಕ್ಕಡಿಗೆ ಹಾಕಿದ್ದು ಅಳಿಯನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಅವನು ಬಾಗಿಲು ದಢಾರನೆ ಹಾಕಿಕೊಂಡು ಹೊರಗೆ ಹೋಗಿ, ಬೀದಿಯ ಕೊನೆಯವರೆಗೆ ನಡೆದು, ಹೋಗಲು ಎಲ್ಲೂ ಜಾಗವಿಲ್ಲದೆ ವಾಪಸ್ಸು ಬಂದ. ಆ ಸಂಜೆ ಮಧ್ಯೆ ಸಿಕ್ಕಿಕೊಂಡ ಹೆಂಡತಿ ಇಬ್ಬರಿಗೂ ತಟ್ಟೆ ಕುಕ್ಕಿ ಬಡಿಸಿದಳು.

ಗುರುವಾರ ಬೆಳಗ್ಗೆ ಎಂಟಕ್ಕೆ ಒಳಗಿನಿಂದ ಕೂಗು ಬಂತು. "ಅಳಿಯಂದ್ರೇ, ಆ ಕಂಪ್ಯೂಟರ್ ಕೆಲಸ ಮಾಡುವಾಗ ಏನೇನೋ ಬರೀತಾ ಹೋಗುತ್ತಲ್ಲ, ಅದು ಉಳಿದಿರುತ್ತಾ?"

"ಉಳಿದಿರುತ್ತೆ. ಲಾಗ್ ಅಂತ."

"ನನ್ನ ಕಂಪ್ಯೂಟರಿಗೆ ಕಳಿಸಿ. ಭಾನುವಾರದಿಂದ ಇರೋದು ಎಲ್ಲಾ."

"ಅತ್ತೆ, ಅದು ಸಾವಿರಾರು ಸಾಲಿದೆ."

"ಮೂವತ್ತೊಂದು ವರ್ಷ ನಾನು ಅಲ್ಲಿ ಏನು ಮಾಡಿದೆ ಅಂದ್ಕೊಂಡಿದೀರಿ? ಬೆಣ್ಣೆ ಕಡಿದ್ನಾ?"

ಕಳಿಸಿದ. ಅತ್ತೆ ತಮ್ಮ ಕಂಪ್ಯೂಟರಿನ ಓದುವ ಧ್ವನಿಯನ್ನು ಜೋರು ವೇಗಕ್ಕಿಟ್ಟು ಕೂತರು. ಬೇರೆಯವರ ಕಿವಿಗೆ ಅದು ಬರೀ ಗುಂಯ್‌ಗುಡುವಿಕೆ, ಒಂದು ಪದವೂ ಹಿಡಿಯಲಾಗದು. ಅಳಿಯ ಲಾಗು ಎಂದರೆ ಕಣ್ಣಾಡಿಸುವವನು, ಕೆಂಪು ಬಣ್ಣದ ಸಾಲಿದ್ದಲ್ಲಿ ನಿಲ್ಲುವವನು, ಉಳಿದದ್ದನ್ನು ಹಾರಿಸುವವನು. ಅತ್ತೆಗೆ ಕೆಂಪೂ ಇಲ್ಲ, ಹಾರಿಸುವುದೂ ಇಲ್ಲ. ಮೊದಲ ಸಾಲಿನಿಂದ ಹಿಡಿದು ಒಂದೊಂದನ್ನೂ ಕೇಳಿದರು. ಒಂಬತ್ತೂಕಾಲಿಗೆ ಕೈಯೆತ್ತಿದರು.

"ಭಾನುವಾರ ಸಾಮಾನೆಲ್ಲಾ ಹೋಗಿರೋದು ಒಂದು ಫೋಲ್ಡರಿಗೆ. ಸೋಮವಾರದ್ದು, ಮಂಗಳವಾರದ್ದು ಅರ್ಧ ಇನ್ನೊಂದಕ್ಕೆ. ಧ್ವನಿಯ ಆ ಲೈಬ್ರರಿ ಪ್ರತಿ ಸಲಾನೂ ಹೋಗಿರೋದು ಮೊದಲನೇ ಫೋಲ್ಡರಿಗೇ. ಕಂಪೈಲ್ ಆಗುವಾಗ ಅದು ಹುಡುಕ್ತಿರೋದು ಎರಡನೇದರಲ್ಲಿ. ಇದೇನು ಹೀಗೆ?"

ಅಳಿಯ ತನ್ನ ಪರದೆಯ ಕೆಳಗಿನ ಸಾಲು ನೋಡಿದ. ನೀಲಿ ಐಕಾನು, ಪಕ್ಕದಲ್ಲೇ ಕಿತ್ತಳೆ ಐಕಾನು. ಸಾಮಾನು ತರಿಸುವ ಆದೇಶವನ್ನು ಇಂಟರ್‌ನೆಟ್ಟಿನ ಪುಟದಿಂದ ಎತ್ತಿ ಹಾಕುತ್ತಿದ್ದ, ಅದು ನೀಲಿಯ ಉಗ್ರಾಣಕ್ಕೆ ಹೋಗುತ್ತಿತ್ತು. ಸೋಮವಾರದಿಂದ ಅವನು ಕೂತು ಬೇಯಿಸುತ್ತಿದ್ದುದು ಕಿತ್ತಳೆಯಲ್ಲಿ. ಮೂರು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದ.

"ಎರಡೂ ಒಂದೇ ಥರ ಕಾಣುತ್ತೆ ಅತ್ತೆ" ಅಂದ, ನಾಚಿಕೆಯಿಂದ.

"ಕೇಳಿಸೋದು ಬೇರೆ ಬೇರೆ. ಏಳಿ, ಟೈಮಿಲ್ಲ."

ನೀಲಿ ಟರ್ಮಿನಲ್ ತೆರೆದು, ಆಂಟಿವೈರಸ್ಸಿಗೆ ಆ ಫೋಲ್ಡರಿನ ತಂಟೆಗೆ ಹೋಗಬೇಡ ಎಂದು ಕಟ್ಟುಮಾಡಿ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದ. ಈ ಸಲ ಆ ಉದ್ದ ಪಟ್ಟಿಯನ್ನು ಅತ್ತೆ ಅವನ ಬಾಯಿಂದಲೇ ಓದಿಸಿದರು, ಒಂದು ಸಾಲೂ ಬಿಡದೆ. ನಿನ್ನೆಯ ಪಟ್ಟಿಯಲ್ಲಿ 'ಧ್ವನಿ: ಇಲ್ಲ' ಎಂದಿದ್ದ ಕಡೆ ಇವತ್ತು 'ಇದೆ' ಎಂದಿತ್ತು. ಅಳಿಯ ಅದನ್ನು ಎರಡು ಸಲ ಓದಿದ. ಕಂಪೈಲ್ ಮುಗಿಯುವಾಗ ಹನ್ನೊಂದೂವರೆ. ಪ್ರೆಸ್ಸಿಗೆ ಕಳಿಸುವಾಗ ಲೈನು ಎತ್ತಿನ ಗಾಡಿಯ ಹಾಗೆ ಎಳೆಯಿತು. ಒಂದೂವರೆಗೆ ಅಲ್ಲಿ ಶುರುವಾಯಿತು. ಈ ಸಲ ಅಳಿಯ ಪರದೆ ನೋಡಲೇ ಇಲ್ಲ, ಹೆಡ್‌ಫೋನ್ ತನ್ನ ಕಿವಿಗೆ ಹಾಕಿಕೊಂಡು ಒಂದು ಕೀ ಒತ್ತಿದ.

"ಚುಕ್ಕಿ ಒಂದು, ಎರಡು, ಐದು" ಎಂದಿತು ಒಂದು ಗೊಗ್ಗರು ಗಂಟಲು.

ಹೆಡ್‌ಫೋನನ್ನು ತೆಗೆದು ಅತ್ತೆಯ ಕೈಗೆ ಕೊಟ್ಟ. ಅತ್ತೆ ಕೇಳಿದರು. "ಎರಡು ತಿಂಗಳಾಗಿತ್ತು ಇವನ ದನಿ ಕೇಳಿ" ಅಂದವರೇ ಒಂದನೇ ಪುಟ ತೆರೆದರು.

ಒಂದೂವರೆ ಗಂಟೆ ಅವರು ತಲೆಯೆತ್ತಲಿಲ್ಲ. ತಪ್ಪು ಸಿಕ್ಕಲ್ಲೆಲ್ಲ ತಮ್ಮ ಬ್ರೈಲ್ ಸ್ಲೇಟಿನಲ್ಲಿ ಟಕ ಟಕ ಎಂದು ಕುಟ್ಟಿಕೊಂಡರು. ಆ ಸದ್ದು ಬಂದಾಗಲೆಲ್ಲ ಅಳಿಯನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಕಣ್ಣಿರುವ ಹುಡುಗಿ ನೋಡಿದ ಪುಟಗಳಲ್ಲವೇ ಇವು. ಮೂರೂ ಹತ್ತಕ್ಕೆ ಮೂವತ್ತೆರಡು ಪುಟ ಮುಗಿದಿತ್ತು. ಆಗ ಅತ್ತೆಯ ಬೆರಳು ಸ್ಲೇಟಿನ ಮೇಲೆ ನಿಂತುಬಿಟ್ಟಿತು.

"ಏನಾಯ್ತು ಅತ್ತೆ? ಧ್ವನಿ ಹೋಯ್ತಾ?"

"ಹೋಗಿಲ್ಲ. ಹೇಳ್ತಾ ಇದೆ. ಹೊಸ ಕೆಲಸ ಬಂದಿದೆಯಂತೆ. ಲೆಕ್ಕದ ಪುಸ್ತಕ, ಮುನ್ನೂರು ಪ್ರತಿ, ಅಚ್ಚು ಶುರು." ಅತ್ತೆಯ ಮುಖ ಕಲ್ಲಾಯಿತು. "ಇದೇ ಪುಸ್ತಕ. ನಾನಿನ್ನೂ ನೋಡ್ತಿದೀನಿ, ಅವನು ಅಲ್ಲಿ ಮೆಷಿನ್ನಿಗೆ ಹಾಕಿಬಿಟ್ಟಿದಾನೆ."

ಅಳಿಯನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ರಕ್ತ ಕುದಿಯಿತು. ಗುರುವಾರ ನಾಲ್ಕು ಗಂಟೆ ಎಂಬುದೆಲ್ಲ ಬರೀ ನಾಟಕ! ಇವರು ಮುಗಿಸುವುದೂ ಬೇಕಿರಲಿಲ್ಲ, ಇವರು ಹುಡುಕುವ ತಪ್ಪೂ ಬೇಕಿರಲಿಲ್ಲ. "ಇರಿ, ಈಗಲೇ ಹೋಗಿ ಅವನ ಕತ್ತಿನ ಪಟ್ಟಿ ಹಿಡಿತೀನಿ" ಎಂದು ಚಪ್ಪಲಿಗೆ ಕಾಲು ತೂರಿಸಿದ.

"ಕೂತ್ಕೊಳ್ಳಿ" ಅಂದರು ಅತ್ತೆ. ಅವರ ಬೆರಳುಗಳು ಆಗಲೇ ಕೀಬೋರ್ಡಿನ ಮೇಲಿದ್ದವು. ಚುಕ್ಕಿ ಒತ್ತುವ ಯಂತ್ರಕ್ಕೆ ಹೋಗುವ ಪ್ರತಿ ಪುಟವೂ ಈ ಹಳೆಯ ಪ್ರೋಗ್ರಾಮನ್ನು ದಾಟಿಯೇ ಹೋಗಬೇಕು. ಹಳೆಯ ಕಂಪ್ಯೂಟರಿನ ಬದಲು ಈಗ ಯಂತ್ರಕ್ಕೆ ಜೋಡಿಸಿದ್ದು ಅಳಿಯ ಕಳಿಸಿದ ಇದನ್ನೇ, ಮತ್ತು ಆ ಪ್ರೋಗ್ರಾಮಿನ ಮುಂದೆ ಈಗ ಕೂತಿರುವವರು ಅವರು. ನಾಲ್ಕು ಕೀ ಒತ್ತಿದರು. ಕೇಳಿದರು. ಇನ್ನೊಂದು ಒತ್ತಿದರು. "ನಿಂತಿತು" ಅಂದು ಮೂವತ್ತಮೂರನೇ ಪುಟಕ್ಕೆ ಹೋದರು.

ಎರಡು ನಿಮಿಷದಲ್ಲಿ ಅಳಿಯನ ಫೋನು ಬಡಿದುಕೊಂಡಿತು.

"ರೀ, ಏನ್ರೀ ಇದು ನಿಮ್ಮ ಹಾಳು ಕಂಪ್ಯೂಟರ್! ಮೆಷಿನ್ ನಿಂತೋಯ್ತು. ಏಳು ಪ್ರತಿ ಕೂಡ ಬಂದಿಲ್ಲ. ಬೇಗ ಸರಿ ಮಾಡಿ!" ಮ್ಯಾನೇಜರನ ದನಿ ಕೋಣೆಗೆಲ್ಲ ಕೇಳಿಸಿತು.

ಅಳಿಯ ಅಭ್ಯಾಸಬಲದಿಂದ "ಸಾರ್, ಸಾರ್" ಅಂದ. ಆಮೇಲೆ ಸಾವರಿಸಿಕೊಂಡು, "ಕಂಪ್ಯೂಟರ್ ಕೆಟ್ಟಿಲ್ಲ. ನಮ್ಮತ್ತೆ ನಿಲ್ಲಿಸಿದಾರೆ" ಅಂದ.

"ಏನು? ಯಾರು ಹೇಳಿದ್ರು ನಿಲ್ಲಿಸಕ್ಕೆ? ಆ ಪುಸ್ತಕ ನಿನ್ನೇನೇ ಓಕೆ ಆಗಿದೆ, ಹುಡುಗಿ ನೋಡಿದಾಳೆ. ಪಾಪ, ಮೇಡಂ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಒಂದು ಕಾಪಿ ಕೊಟ್ರೆ ತಲೆ ಮೇಲೆ ಹತ್ತಿ ಕೂತ್ರಾ? ಈಗಲೇ ಶುರು ಮಾಡ್ಸಿ. ಇಲ್ಲಾಂದ್ರೆ ನಾಳೆಯಿಂದ ನೀವೂ ಈ ಕಡೆ ತಲೆ ಹಾಕ್ಬೇಡಿ."

ಅಳಿಯ ಚಪ್ಪಲಿಯಿಂದ ಕಾಲು ಹೊರಗೆಳೆದ. ಕಚೇರಿಗಳಲ್ಲಿ ಒಂದು ಕೈಬಿಟ್ಟಿತು ಅಂತಲೇ ಲೆಕ್ಕ. ಹೋಗಲಿ, ಹಾಳಾಗಲಿ. "ಆಯ್ತು ಸಾರ್, ಹಾಕಲ್ಲ" ಅಂದ. "ಆದ್ರೆ ಮೆಷಿನ್ ಶುರು ಮಾಡೋದು ಗೊತ್ತಿರೋದು ಅವರಿಗೆ. ನನ್ನತ್ರ ಕೂಗಾಡಿ ಪ್ರಯೋಜನ ಇಲ್ಲ. ಅವರತ್ರಾನೇ ಮಾತಾಡಿ, ಸ್ವಲ್ಪ ಮರ್ಯಾದೆಯಿಂದ." ಫೋನನ್ನು ಅತ್ತೆಯ ಕೈಗಿಟ್ಟ.

ಅತ್ತೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದರು. "ನಾಲ್ಕು ಗಂಟೆ ಅಂದಿದ್ರಿ. ಇನ್ನೂ ಮೂರೂ ಕಾಲು. ಇದುವರೆಗೆ ಇಪ್ಪತ್ತೆರಡು ತಪ್ಪಿದೆ. ಉಳಿದಿದ್ದನ್ನ ನೋಡಿ ಆಮೇಲೆ ಶುರು ಮಾಡ್ತೀನಿ. ಮುಂದಿನ ಪುಸ್ತಕದ ಪ್ರೂಫು ಸೋಮವಾರ ಬೆಳಗ್ಗೆ ಇಲ್ಲಿಗೆ ಬರ್ಬೇಕು, ನನ್ನ ಹೆಸರಿಗೆ. ಅಚ್ಚಿಗೆ ಮುಂಚೆ."

"ಮೇಡಂ, ಇಪ್ಪತ್ತೆರಡು ಅಂದ್ರೆ ಒಂದೊಂದು ಚುಕ್ಕಿ ಅತ್ಲಾಗಿತ್ಲಾಗೆ ಇರುತ್ತೆ. ಮಕ್ಕಳ ಪುಸ್ತಕ ಅಷ್ಟೇ ತಾನೇ, ಅದರಿಂದ ಏನು ಮುಳುಗಿ ಹೋಗುತ್ತೆ?"

ಅತ್ತೆ ಹೆಡ್‌ಫೋನನ್ನು ಪೂರ್ತಿ ತೆಗೆದಿಟ್ಟರು. ಅಳಿಯ ಅವರ ಮುಖದಲ್ಲಿ ಎಷ್ಟೋ ಬಗೆಯ ಕೋಪ ನೋಡಿದ್ದ, ಇಂಥದ್ದನ್ನು ನೋಡಿರಲಿಲ್ಲ.

"ಎಂಟನೇ ಪುಟದಲ್ಲಿ ಹನ್ನೆರಡು ಅಂತ ಇರ್ಬೇಕು. ಅಂಕಿ ಅಂತ ಹೇಳೋ ಗುರುತನ್ನ ಬಿಟ್ಟಿದಾರೆ. ಬೆರಳಿಟ್ಟ ಮಗುವಿಗೆ ಅಲ್ಲಿ ಹನ್ನೆರಡು ಸಿಗಲ್ಲ, ಎರಡು ಅಕ್ಷರ ಸಿಗುತ್ತೆ. ಎಷ್ಟು ಸಲ ಕೂಡಿದ್ರೂ ಉತ್ತರ ಬರಲ್ಲ. ಪುಸ್ತಕದಲ್ಲಿ ತಪ್ಪಿರುತ್ತೆ ಅಂತ ಆ ಮಗುವಿಗೆ ಯಾರೂ ಹೇಳಲ್ಲ. ನಾನೇ ದಡ್ಡಿ ಅಂದ್ಕೊಳುತ್ತೆ." ಉಸಿರು ತೆಗೆದುಕೊಂಡರು. "ನಾನು ಅಂದ್ಕೊಂಡಿದ್ದೆ. ಮೂರನೇ ಕ್ಲಾಸಿನಲ್ಲಿ, ಒಂದು ವರ್ಷ ಪೂರ್ತಿ. ಕೈಗೆ ಪೆನ್ನು ತಗೊಳ್ಳಿ."

ಆ ಕಡೆಯಿಂದ ಮೇಜಿನ ಖಾನೆ ಎಳೆದ ಸದ್ದು ಕೇಳಿಸಿತು.

"ಹೇಳಿ ಮೇಡಂ."

"ಪುಟ ಎರಡು, ಸಾಲು ಒಂಬತ್ತು" ಅಂದರು ಅತ್ತೆ, ಸ್ಲೇಟಿನ ಕಾಗದದ ಮೇಲೆ ಬೆರಳಾಡಿಸುತ್ತ.